ತಾನಾಗೇ ತೆಗೆದುಕೊಂಡ ಬಾಗಿಲು

ಬಲ್ಬಣ್ಣ ಕೊನೆಯ ವರ್ಷ ಎಷ್ಟು ದಣಿದಿದ್ದನೆಂಬುದು ಅವನು ಹೋದ ಮೇಲೆಯೇ ಎಲ್ಲರಿಗೂ ಹೊಳೆದದ್ದು. ಇದ್ದಾಗ ಯಾರ ಕಣ್ಣಿಗೂ ಬೀಳಲಿಲ್ಲ. ಶೆಡ್ಡಿನ ಮುಂದೆ ವಾಹನ ಬಂದು ನಿಂತರೆ ಕುರ್ಚಿಯ ಕೈ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತು ಆಮೇಲೆ ಹೆಜ್ಜೆ ಇಡುತ್ತಿದ್ದ. ಜನ ಅದನ್ನು ಅವನ ಗತ್ತು ಎಂದುಕೊಂಡಿದ್ದರು. ಅವನ ಹೃದಯ ಸೋತಿತ್ತು. ಸಂಜೆಯಾಗುವಾಗ ಪಾದ ಊದಿ, ಚಪ್ಪಲಿಯ ಪಟ್ಟಿಯ ಅಚ್ಚು ಚರ್ಮದ ಮೇಲೆ ಉಳಿಯುತ್ತಿತ್ತು. ಡಾಕ್ಟರು ಬಗ್ಗಬೇಡ ಎಂದಿದ್ದರು. ವಾಹನದ ವೈರಿಂಗ್ ಮಾಡುವವನಿಗೆ ಬಗ್ಗಬೇಡ ಅನ್ನುವುದೂ ಒಂದೇ, ಮೀನಿಗೆ ನೀರಿಗಿಳಿಯಬೇಡ ಅನ್ನುವುದೂ ಒಂದೇ ಎಂದು ಹೇಳಿ ಹೆಂಡತಿಯನ್ನು ನಗಿಸಲು ನೋಡಿದ್ದ. ಅವಳು ನಗಲಿಲ್ಲ.

ಅವನಿಗೆ ಆ ಹೆಸರು ಬಂದದ್ದು ಕೊರಳಲ್ಲಿ ತೂಗುಬಿಟ್ಟುಕೊಳ್ಳುತ್ತಿದ್ದ ಬಲ್ಬಿನಿಂದ. ಯಾವುದೋ ಗುಜರಿ ಕಾರಿನ ಇಂಡಿಕೇಟರ್ ಬಲ್ಬು. ಅದಕ್ಕೆ ಎರಡು ವೈರು ಬೆಸೆದು, ಒಂದರ ತುದಿಗೆ ಸೂಜಿ ಕಟ್ಟಿದ್ದ. ಅವನಲ್ಲಿ ಮೀಟರು ಇರಲಿಲ್ಲವೆಂದಲ್ಲ. ಮೀಟರು ಕರೆಂಟಿದೆ ಅಂತಷ್ಟೇ ಹೇಳುತ್ತದೆ, ಆ ಕರೆಂಟಿಗೆ ದುಡಿಯುವ ತಾಕತ್ತಿದೆಯೇ ಎಂಬುದನ್ನು ಬಲ್ಬೇ ಹೇಳಬೇಕು ಎನ್ನುತ್ತಿದ್ದ. ಅದರಲ್ಲೂ ಬಾಗಿಲ ಲಾಕುಗಳೆಂದರೆ ಅವನ ಕೈಯ ಕೆಲಸ. ಗುಂಡಿ ಒತ್ತಿದಾಗ ಎಲ್ಲ ಬಾಗಿಲೂ ಒಟ್ಟಿಗೆ ಟಕ್ಕೆನ್ನಬೇಕಲ್ಲ, ಅದನ್ನು ಬೆನ್ನು ತಿರುಗಿಸಿ ನಿಂತು ಕೇಳುತ್ತಿದ್ದ. ಯಾವ ಬಾಗಿಲ ಮೋಟರು ಎಳೆಯಲಾರದೆ ನರಳುತ್ತಿದೆಯೋ ಆ ಕಡೆಗೆ ಹೆಬ್ಬೆರಳು ತೋರಿಸಿ ಟೀ ಕುಡಿಯಲು ಹೋಗುತ್ತಿದ್ದ. ಅವನು ಸರಿಯಾಗಿದೆ ಎಂದ ಗಾಡಿ ಸರಿಯಾಗಿದೆ ಎಂದೇ ಆ ರಸ್ತೆಯ ಲೆಕ್ಕ. ಆ ವರ್ಷ ಅವನ ನಿದ್ದೆ ಕೆಡಿಸಿದ್ದು ಈ ಲೆಕ್ಕವೇ.

ಅವನ ಅಕ್ಕನ ಗಂಡ ವ್ಯಾನು ಓಡಿಸುತ್ತಿದ್ದ. ಡಯಾಲಿಸಿಸ್‌ಗೆ ಹೋಗುವವರನ್ನು ಬೆಳಿಗ್ಗೆ ಮನೆಮನೆಯಿಂದ ಹತ್ತಿಸಿಕೊಂಡು ಆಸ್ಪತ್ರೆಗೆ ಬಿಡುವುದು, ಮಧ್ಯಾಹ್ನ ಬಾಡಿದ ಸೊಪ್ಪಿನ ಹಾಗಾದವರನ್ನು ವಾಪಸು ಮನೆ ಮುಟ್ಟಿಸುವುದು. ವ್ಯಾನಿನ ಯಜಮಾನಮ್ಮ ಮೊದಲು ನರ್ಸಾಗಿದ್ದವರು. ಭಾವನ ಅಡ್ಡಹೆಸರು ರೇಡಿಯೋ. ಸ್ಟೇರಿಂಗ್ ಹಿಡಿದರೆ ಬಾಯಿಯೂ ಶುರು. ಮದುಮಗನನ್ನು ಛತ್ರದಲ್ಲೇ ಮರೆತು ದಿಬ್ಬಣ ಹೊರಟದ್ದು, ದಾರಿಯಲ್ಲಿ ಕೈ ಅಡ್ಡ ಹಿಡಿದ ಮುದುಕ ಸತ್ತು ವರ್ಷವಾಗಿದ್ದ ಮನುಷ್ಯನೆಂದು ಆಮೇಲೆ ತಿಳಿದದ್ದು, ಹೀಗೆ ಅವನ ಕತೆಗಳಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ನಂಬಿದವರು ಯಾರೂ ಇಲ್ಲ, ನಗದವರೂ ಇಲ್ಲ. ಸೂಜಿ ಚುಚ್ಚಿಸಿಕೊಳ್ಳಲು ಹೋಗುವವರಿಗೆ ಆ ನಗುವೇ ದಾರಿಯ ಬುತ್ತಿ.

ಈ ಭಾವ ಒಂದು ದಿನ ವ್ಯಾನನ್ನು ಶೆಡ್ಡಿಗೆ ತಂದು, ಓಡುತ್ತಿರುವಾಗಲೇ ಬಾಗಿಲುಗಳ ಲಾಕು ತಾನಾಗೇ ತೆಗೆದುಕೊಳ್ಳುತ್ತಿದೆ ಎಂದ. ಬಲ್ಬಣ್ಣ ನಕ್ಕು, ಆ ಸತ್ತ ಮುದುಕನೇ ತೆಗೆದಿರಬೇಕು ನೋಡಿ ಭಾವ, ಅಂದ. ಆದರೂ ಕೆಲಸ ಕೆಲಸವೇ. ಚಾಲಕನ ಬಾಗಿಲು ಪೂರ್ತಿ ತೆರೆದು, ಅಲುಗದ ಹಾಗೆ ಕೆಳಗೊಂದು ಮರದ ತುಂಡು ಕೊಟ್ಟು, ಒಳಗಿನ ಹಲಗೆ ಬಿಚ್ಚಿದ. ಸ್ವಿಚ್ಚು ನೋಡಿದ, ಮೋಟರು ನೋಡಿದ, ಫ್ಯೂಸು, ರಿಲೇ ಎಲ್ಲ ನೋಡಿದ. ಬಲ್ಬು ಹತ್ತಬೇಕಾದಲ್ಲಿ ಹತ್ತಿತು, ಹತ್ತಬಾರದ ಕಡೆ ಹತ್ತಲಿಲ್ಲ. ಬೆನ್ನು ತಿರುಗಿಸಿ ನಿಂತು ಭಾವನಿಂದ ಗುಂಡಿ ಒತ್ತಿಸಿದ. ಎಲ್ಲ ಲಾಕೂ ಒಂದೇ ಉಸಿರಿಗೆ ಟಕ್ಕೆಂದವು. ಸ್ವಲ್ಪ ಎಣ್ಣೆ ಬಿಟ್ಟು ಕಳಿಸಿಕೊಟ್ಟ.

ಕೆಲವು ದಿನಗಳಲ್ಲಿ ಭಾವ ಮತ್ತೆ ಬಂದ. ಅದೇ ದೂರು. ಬಲ್ಬಣ್ಣ ಮತ್ತೆ ಬಾಗಿಲು ತೆಗೆದು, ಮರದ ತುಂಡು ಕೊಟ್ಟು, ಮೊದಲಿನಿಂದ ನೋಡಿಕೊಂಡು ಬಂದ. ಅನುಮಾನವೇ ಬೇಡವೆಂದು ಚಾಲಕನ ಬಾಗಿಲ ಲಾಕಿನ ಮೋಟರನ್ನೇ ಬದಲಿಸಿದ. ಬಗ್ಗಿ ಏಳುವಷ್ಟರಲ್ಲಿ ಕಣ್ಣು ಕತ್ತಲೆ ಬಂದು ಟೈರಿನ ಮೇಲೆ ಕೂತುಬಿಟ್ಟ. ಕುಣಿಯಲಾರದವನು ನೆಲ ಡೊಂಕು ಅಂದನಂತೆ, ಹಾಗೆ ನಿಮ್ಮ ಮೊಣಕೈ ಸ್ವಿಚ್ಚಿಗೆ ತಾಗಿದ್ದಕ್ಕೆ ಲಾಕಿನ ಮೇಲೆ ದೂರು ಹೇಳಬೇಡಿ ಎಂದು ಸ್ವಲ್ಪ ಒರಟಾಗಿಯೇ ಅಂದ. ಭಾವ ಕೀ ತೆಗೆದುಕೊಂಡು ಹೋದ.

ಆ ವಾರವೇ ಆಗಬಾರದ್ದು ಆಯಿತು. ವ್ಯಾನಿನಲ್ಲಿ ಬರುವವರಲ್ಲಿ ಒಬ್ಬಳು ಅಜ್ಜಿಗೆ ಬಾಗಿಲ ಒಳಹಿಡಿಯನ್ನೇ ಆಸರೆಗೆ ಹಿಡಿದು ಕೂರುವ ಅಭ್ಯಾಸ. ಲಾಕಾಗಿರುವವರೆಗೆ ಆ ಹಿಡಿ ಎಳೆದರೂ ಏನೂ ಆಗದು. ಆ ಮಧ್ಯಾಹ್ನ ಆಸ್ಪತ್ರೆಯ ಇಳಿಜಾರು ದಾಟಿ ತಿರುವಿನಲ್ಲಿ ವಾಲಿದಾಗ ಅವಳು ಹಿಡಿಯನ್ನು ಬಿಗಿಯಾಗಿ ಎಳೆದುಕೊಂಡಳು, ಬಾಗಿಲು ತೆರೆದುಕೊಂಡಿತು. ಬೆಲ್ಟು ಇದ್ದದ್ದರಿಂದ ಜೀವ ಉಳಿಯಿತು. ಒಂದು ಚಪ್ಪಲಿ ಮಾತ್ರ ರಸ್ತೆಗೆ ಬಿದ್ದು ಹಿಂದಿನ ಲಾರಿಯ ಅಡಿಗೆ ಹೋಯಿತು.

ಯಜಮಾನಮ್ಮ ಬಲ್ಬಣ್ಣನಿಗೆ ಫೋನು ಮಾಡಿದರು. ಕೂಗಾಡಲಿಲ್ಲ. ಗಾಡಿಯಲ್ಲಿ ಏನಾದರೂ ದೋಷವಿದೆಯೇ, ನನಗೆ ನಿಮ್ಮ ಮಾತು ಸಾಕು, ಎಂದಷ್ಟೇ ಕೇಳಿದರು. ಗಾಡಿಯಲ್ಲಿ ದೋಷವಿಲ್ಲ ಮೇಡಂ, ಎರಡು ಸಲ ಬಿಚ್ಚಿ ನೋಡಿದ್ದೇನೆ, ಎಂದ ಬಲ್ಬಣ್ಣ. ಮನುಷ್ಯನ ವಿಷಯ ಅವರು ಕೇಳಲೂ ಇಲ್ಲ, ಅವನು ಹೇಳಲೂ ಇಲ್ಲ. ಗಾಡಿ ಸರಿಯಿದ್ದರೆ ತಪ್ಪು ಯಾರದ್ದೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಶನಿವಾರ ಸಂಜೆ ಕೀ ತಂದುಕೊಡಿ, ಸೋಮವಾರದಿಂದ ಬೇರೆ ಡ್ರೈವರು ಬರುತ್ತಾನೆ ಎಂದು ಅವರು ಭಾವನಿಗೆ ತಿಳಿಸಿದರು.

ಮಾರನೆಯ ದಿನ ಅಕ್ಕ ತಮ್ಮನ ಮನೆಗೆ ಬಂದಳು. ಒಳಗೆ ಬಂದವಳು ಕೂರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಳು. ಈ ವಯಸ್ಸಿನಲ್ಲಿ ಈ ವ್ಯಾನು ತಪ್ಪಿದರೆ ಅವರ ಕೈಗೆ ಇನ್ನೊಂದು ಸ್ಟೇರಿಂಗು ಯಾರು ಕೊಡುತ್ತಾರೆ, ಮನೆಯಲ್ಲಿ ಕೂತರೆ ಆ ಮನುಷ್ಯ ಮೂರು ತಿಂಗಳು ಬಾಳುವುದಿಲ್ಲ ಎಂದಳು. ಆದರೆ ಅವಳು ಬಂದದ್ದು ಗಾಡಿಯನ್ನು ಮತ್ತೊಮ್ಮೆ ನೋಡು ಅನ್ನುವುದಕ್ಕಲ್ಲ.

"ನಿನ್ ಭಾವಂಗೆ ನೀನಾದ್ರೂ ಒಂದ್ ಮಾತು ಹೇಳೋ. ಕೈ ತಾಗಿತ್ತು, ತಪ್ಪಾಯ್ತು ಅಂತ ಆ ಅಮ್ಮನ ಹತ್ರ ಒಪ್ಕೊಂಡ್ರೆ ಮುಗೀತು. ಅವರೇನು ಕಲ್ಲಲ್ಲ. ನಾನು ಹೇಳಿದ್ರೆ ಗೋಡೆ ಕಡೆ ತಿರುಗಿ ಮಲಗ್ತಾರೆ."

"ನೀನೂ ಅವರೇ ಒತ್ತಿದ್ದು ಅಂತೀಯಾ?"

"ನೀನೇ ಗಾಡಿ ಸರಿಯಾಗಿದೆ ಅಂದ್ಮೇಲೆ ನಾನೇನು ಅನ್ಲೋ?" ಎಂದಳು ಅಕ್ಕ.

ಬಲ್ಬಣ್ಣನಿಗೆ ಆ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಅವಳು ಗಂಡನನ್ನು ಬಿಟ್ಟು ತನ್ನನ್ನು ನಂಬಿದ್ದಾಳೆ. ಹೆಮ್ಮೆಪಡಬಹುದಾದ ಸಂಗತಿ, ಆದರೆ ಹೆಮ್ಮೆಯಾಗಲಿಲ್ಲ. ಹೇಳುತ್ತೇನೆ ಹೋಗು ಎಂದ.

ಆಸ್ಪತ್ರೆಯ ಹಿಂದೆ, ವ್ಯಾನುಗಳು ನಿಲ್ಲುವ ಗೋಡೆಯ ನೆರಳಿನಲ್ಲಿ ಭಾವ ಸಿಕ್ಕಿದ. ಉಳಿದ ಡ್ರೈವರುಗಳು ಒಂದು ಕಡೆ ಗುಂಪಾಗಿದ್ದರೆ ಇವನೊಬ್ಬ ವ್ಯಾನಿನ ಮೆಟ್ಟಿಲ ಮೇಲೆ ಕೂತು ಬಟ್ಟೆಯಲ್ಲಿ ಕನ್ನಡಿ ಒರೆಸುತ್ತಿದ್ದ. ಬಲ್ಬಣ್ಣ ಪಕ್ಕದಲ್ಲಿ ಕೂತು, ಉಸಿರು ಹದಕ್ಕೆ ಬಂದ ಮೇಲೆ ಅಕ್ಕ ಹೇಳಿದ್ದನ್ನೇ ತನ್ನ ಮಾತಿನಲ್ಲಿ ಹೇಳಿದ. ಒಪ್ಪಿಕೊಂಡುಬಿಡಿ ಭಾವ, ಒಂದು ಮಾತಿಗೆ ಯಾಕಿಷ್ಟು.

ಭಾವ ಕನ್ನಡಿ ಒರೆಸುವುದನ್ನು ನಿಲ್ಲಿಸಲಿಲ್ಲ. "ತಾನಾಗೇ ತೆಗ್ದುಕೊಳ್ತು. ನಾನು ಮುಟ್ಟಿಲ್ಲ," ಎಂದ.

"ಅದನ್ನೇ ಹೇಳ್ತಿದ್ದೀರಿ ಮೊದಲಿಂದ."

"ಇನ್ನೇನು ಹೇಳ್ಲಿ, ಆಗಿದ್ದೇ ಅಷ್ಟು." ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡ. "ನೋಡಯ್ಯಾ, ನಾನು ಜನ್ಮದಲ್ಲಿ ಹೇಳಿದ ಸುಳ್ಳೆಲ್ಲಾ ಜನ ನಗ್ಲಿ ಅಂತ. ಇದನ್ನ ಕೇಳಿ ಯಾರಾದ್ರೂ ನಕ್ಕರಾ?"

ಬಲ್ಬಣ್ಣ ಮನೆಗೆ ಬಂದು ಮಂಚದ ಮೇಲೆ ಬಿದ್ದುಕೊಂಡ. ಆ ಮಾತು ತಲೆಯಲ್ಲಿ ಸುತ್ತತೊಡಗಿತು. ಭಾವನ ಯಾವ ಕತೆಯೂ ಎರಡನೆಯ ಸಲ ಹೇಳುವಾಗ ಮೊದಲಿನ ಹಾಗೆ ಇದ್ದದ್ದಿಲ್ಲ. ಮದುಮಗ ಒಂದು ಸಲ ಛತ್ರದಲ್ಲಿ, ಇನ್ನೊಂದು ಸಲ ಬಾವಿಕಟ್ಟೆಯಲ್ಲಿ, ಮಗದೊಂದು ಸಲ ಅತ್ತೆಮನೆಯ ಅಟ್ಟದಲ್ಲಿ ಸಿಕ್ಕುತ್ತಿದ್ದ. ಲಾಕಿನ ವಿಷಯಕ್ಕೆ ಮಾತ್ರ ಕೈಕಾಲು ಮೂಡಲೇ ಇಲ್ಲ. ಮೊದಲ ದಿನ ಬಂದಾಗಲೂ ಅಷ್ಟೇ ಮಾತು, ಅಜ್ಜಿಯ ಚಪ್ಪಲಿ ಬಿದ್ದ ಮೇಲೂ ಅಷ್ಟೇ, ಕೆಲಸ ಹೋಗುವ ಹೊತ್ತಿಗೂ ಅಷ್ಟೇ. ಸುಳ್ಳಾಗಿದ್ದರೆ ಇಷ್ಟರಲ್ಲಿ ಅದಕ್ಕೆ ಕೊಂಬೂ ಬಾಲವೂ ಬಂದಿರುತ್ತಿದ್ದವು. ವೈರನ್ನು ಪರೀಕ್ಷಿಸಿದ್ದೆ, ಮನುಷ್ಯನನ್ನು ಪರೀಕ್ಷಿಸಲೇ ಇಲ್ಲವಲ್ಲ ಎನ್ನಿಸಿತು. ಏಳಲು ಮನಸ್ಸಿರಲಿಲ್ಲ. ಮೈ ಒದ್ದೆ ಗೋಣಿಯ ಹಾಗಾಗಿತ್ತು. ನಾಳೆ ವ್ಯಾನಿನಲ್ಲಿ ಹೋಗಿಬರುತ್ತೇನೆ ಎಂದಾಗ ಹೆಂಡತಿ, ಹೋಗು, ಆಸ್ಪತ್ರೆಗೇ ತಾನೇ ಹೋಗುವುದು, ಬಿದ್ದರೆ ಅಲ್ಲೇ ಬೀಳಬಹುದು ಎಂದಳು. ಸಿಟ್ಟಿನಲ್ಲಿ ಹೇಳಿದರೂ ಮಾತ್ರೆಗಳನ್ನು ಕಟ್ಟಿಕೊಟ್ಟಳು.

ಶುಕ್ರವಾರ ಬೆಳಿಗ್ಗೆ, ವ್ಯಾನು ಹೊರಡುವ ಮೊದಲು, ಅವನು ತನ್ನ ಬಲ್ಬನ್ನು ಡ್ಯಾಶ್‌ಬೋರ್ಡಿನ ಮೇಲೆ ಟೇಪು ಹಾಕಿ ಅಂಟಿಸಿದ. ಚಾಲಕನ ಬಾಗಿಲ ಸ್ವಿಚ್ಚಿನಿಂದ ಒಳಗೆ ಬರುವ ವೈರುಗಳಲ್ಲಿ ಒಂದಿದೆ; ಲಾಕುಗಳಿಗೆಲ್ಲ ತೆಗೆಯಿರಿ ಎಂಬ ಅಪ್ಪಣೆ ಅದರಲ್ಲೇ ಹೋಗಬೇಕು. ಅದು ಗಾಡಿಯ ತಗಡಿಗೆ, ಅಂದರೆ ಅರ್ತಿಗೆ, ಮುಟ್ಟಿದರೆ ಸಾಕು, ಸ್ವಿಚ್ಚು ಒತ್ತಿದ ಹಾಗೇ ಲೆಕ್ಕ. ಬಲ್ಬಿನ ಒಂದು ತುದಿಯನ್ನು ಆ ವೈರಿಗೂ ಇನ್ನೊಂದನ್ನು ಬ್ಯಾಟರಿಯ ಕರೆಂಟಿಗೂ ಸೇರಿಸಿದ. ಅಪ್ಪಣೆ ಹೋದ ಕ್ಷಣ ಬಲ್ಬು ಹತ್ತಬೇಕು. ಭಾವನ ಕೈ ಎಲ್ಲಿದೆ ಎಂದು ನೋಡಲು ಇವನ ಕಣ್ಣಿದ್ದೇ ಇದೆ.

ಪಕ್ಕದ ಸೀಟಿನಲ್ಲಿ ಕೂತು ಹೊರಟ. ಮನೆಮನೆಯ ಮುಂದೆ ನಿಂತರು. ಭಾವ ಇಳಿದು ಒಬ್ಬೊಬ್ಬರನ್ನೇ ಕೈಹಿಡಿದು ಹತ್ತಿಸಿ, ಬೆಲ್ಟು ಹಾಕಿ, ಸೆರಗೋ ಪಂಚೆಯೋ ಬಾಗಿಲಿಗೆ ಸಿಕ್ಕದಂತೆ ನೋಡಿ ಮುಚ್ಚುತ್ತಿದ್ದ. ಕತೆ ಒಂದೂ ಹೊರಡಲಿಲ್ಲ. ಚಪ್ಪಲಿ ಕಳೆದುಕೊಂಡ ಅಜ್ಜಿ ಈಗ ಹಿಡಿಯ ಬದಲು ಮುಂದಿನ ಸೀಟಿನ ಬೆನ್ನು ಹಿಡಿದು ಕೂತಿದ್ದಳು. ಸ್ವಲ್ಪ ದೂರ ಹೋದ ಮೇಲೆ, ಇವತ್ತು ರೇಡಿಯೋಗೆ ಸೆಲ್ಲಿಲ್ವೇನಪ್ಪಾ, ಎಂದು ಕೇಳಿದಳು. ಸೆಲ್ಲು ಮುಗೀತಾ ಬಂತಜ್ಜಿ, ಎಂದ ಭಾವ. ಬಲ್ಬು ಹತ್ತಲಿಲ್ಲ. ಆಸ್ಪತ್ರೆ ಬಂತು, ಎಲ್ಲರನ್ನೂ ಇಳಿಸಿದರು, ಮಧ್ಯಾಹ್ನದವರೆಗೆ ಕಾದರು, ಮತ್ತೆ ಹತ್ತಿಸಿದರು. ಬಲ್ಬಣ್ಣನ ರೆಪ್ಪೆ ತಾನಾಗಿ ಇಳಿಯುತ್ತಿತ್ತು. ಏನೂ ಆಗದಿದ್ದರೆ ಭಾವನ ಮುಖ ಹೇಗೆ ನೋಡಲಿ, ಆಗಿಬಿಟ್ಟರೆ ನನ್ನ ಮುಖ ನಾನು ಹೇಗೆ ನೋಡಿಕೊಳ್ಳಲಿ ಎಂದು ಅರೆನಿದ್ದೆಯಲ್ಲಿ ಲೆಕ್ಕ ಹಾಕುತ್ತಿದ್ದ.

ಇಳಿಜಾರಿನ ಹಂಪು ದಾಟಿದಾಗ ಮುಂದಿನ ಚಕ್ರಗಳು ಧಡ್ಡೆಂದವು, ಬಲ್ಬು ಹತ್ತಿತು. ಅದರ ಬೆನ್ನಿಗೇ ಎಲ್ಲ ಲಾಕುಗಳೂ ಟಕ್ಕೆಂದು ತೆಗೆದುಕೊಂಡವು. ಬಲ್ಬಣ್ಣ ಮೊದಲು ನೋಡಿದ್ದು ಬಲ್ಬನ್ನಲ್ಲ, ಭಾವನ ಕೈಗಳನ್ನು. ಎರಡೂ ಸ್ಟೇರಿಂಗಿನ ಮೇಲಿದ್ದವು. ಭಾವ ಇವನ ಕಡೆ ತಿರುಗಲಿಲ್ಲ. ನೋಡಿದೆಯಾ ಎಂದು ಕೇಳಲಿಲ್ಲ. ಒಂದು ಬೆರಳಿನಿಂದ ಸ್ವಿಚ್ಚು ಒತ್ತಿ ಮತ್ತೆ ಲಾಕು ಮಾಡಿ, ಆ ಬೆರಳನ್ನು ಸ್ಟೇರಿಂಗಿಗೆ ವಾಪಸು ತಂದ. ಇಷ್ಟು ದಿನ ಹೀಗೇ ಒಬ್ಬನೇ ಮುಚ್ಚಿಕೊಂಡು ಬರುತ್ತಿದ್ದಾನೆ ಎಂದು ಬಲ್ಬಣ್ಣನಿಗೆ ಆಗ ತಿಳಿಯಿತು.

ಎಲ್ಲರನ್ನೂ ಮನೆ ಮುಟ್ಟಿಸಿದ ಮೇಲೆ ವ್ಯಾನನ್ನು ಮರದ ಕೆಳಗೆ ನಿಲ್ಲಿಸಿದರು. ಬಲ್ಬಣ್ಣ ಚಾಲಕನ ಬಾಗಿಲನ್ನು ಜೋರಾಗಿ ಹಾಕಿಸಿದ. ಎರಡನೆಯ ಸಲಕ್ಕೆ ಬಲ್ಬು ಹತ್ತಿ ಹಾಗೇ ಉರಿಯಿತು. ಒಳಗೇನಿದೆ ನೋಡೋಣವೆಂದು ಬಾಗಿಲು ತೆಗೆಸಿದ. ಆರಿಹೋಯಿತು. ಹಾಕಿದರೆ ಹತ್ತುತ್ತದೆ, ತೆಗೆದರೆ ಆರುತ್ತದೆ. ಆಗ ಅವನಿಗೆ ಹೊಳೆಯಿತು. ಬಾಗಿಲ ರಿಪೇರಿ ಅಂದರೆ ಮೊದಲು ಬಾಗಿಲು ತೆಗೆಯುವುದು. ಅವನು ಕಲಿತದ್ದೂ ಹಾಗೆ, ಇಷ್ಟು ವರ್ಷ ಮಾಡಿದ್ದೂ ಹಾಗೆ. ಎರಡು ಸಲವೂ ಬಾಗಿಲನ್ನು ಪೂರ್ತಿ ತೆಗೆದು, ಅಲುಗದ ಹಾಗೆ ಮರದ ತುಂಡು ಕೊಟ್ಟು, ಆಮೇಲೆ ದೋಷವನ್ನು ಹುಡುಕಿದ್ದ. ಆ ದೋಷ ಇದ್ದದ್ದು ಬಾಗಿಲು ಮುಚ್ಚಿದಾಗ ಮಾತ್ರ. ಕೊನೆಗೆ ಬೆನ್ನು ತಿರುಗಿಸಿ ನಿಂತು ಕೇಳಿದ್ದೂ ತೆರೆದ ಬಾಗಿಲಿನ ಸದ್ದನ್ನೇ.

ಬಾಗಿಲನ್ನು ಗೇಣು ಮಾತ್ರ ತೆರೆದು, ಕೀಲಿನ ಬಳಿ ವೈರುಗಳ ಕಟ್ಟಿಗೆ ಹಾಕಿರುವ ರಬ್ಬರಿನ ಕೊಳವೆಯನ್ನು ಸರಿಸಿದ. ಬಾಗಿಲು ಮುಚ್ಚುವಾಗ ಮಡಚಿ, ತೆಗೆಯುವಾಗ ಚಾಚಿ, ಒಂದು ವೈರಿನ ಮೈ ತಗಡಿನ ಅಂಚಿಗೆ ಉಜ್ಜಿ ಸವೆದಿತ್ತು. ಒಳಗಿನ ತಾಮ್ರ ಹಸಿ ಗಾಯದ ಹಾಗೆ ಹೊಳೆಯುತ್ತಿತ್ತು. ಭಾವನಿಗೂ ತೋರಿಸಿದ. ಭಾವ ಬಗ್ಗಿ ನೋಡಿ, ಇಷ್ಟೇನಾ, ಅಂದ.

ಅಲ್ಲೇ ಬೆಸೆದು ಮುಗಿಸಬಹುದಿತ್ತು. ಬಲ್ಬಣ್ಣ ಬೇಡವೆಂದ. ವ್ಯಾನನ್ನು ಹಾಗೆಯೇ ಯಜಮಾನಮ್ಮನ ಆಫೀಸಿನ ಮುಂದೆ ತಂದು ನಿಲ್ಲಿಸಿ, ಮಹಡಿ ಹತ್ತಲಾರೆನೆಂದು ಅವರನ್ನೇ ಕೆಳಗೆ ಕರೆಸಿದ. ಚಾಲಕನ ಸೀಟಿನಲ್ಲಿ ಕೂರಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಳ್ಳಿ ಎಂದು, ಬಾಗಿಲನ್ನು ತಾನೇ ಹೊರಗಿನಿಂದ ಹಾಕಿದ. ಒಂದು ಸಲ ಏನೂ ಆಗಲಿಲ್ಲ. ಇನ್ನೊಂದು ಸಲ ಹಾಕಿದಾಗ ಬಲ್ಬು ಹತ್ತಿ, ಅವರ ಸುತ್ತಲಿನ ಲಾಕುಗಳೆಲ್ಲ ಟಕ್ಕೆಂದವು. ಅವರು ಬೆಚ್ಚಿ ಮಡಿಲಲ್ಲಿದ್ದ ತಮ್ಮ ಕೈಗಳನ್ನೇ ನೋಡಿಕೊಂಡರು.

ಕೆಳಗಿಳಿದು, "ಫೋನಲ್ಲಿ ದೋಷವಿಲ್ಲ ಅಂದಿದ್ದು ನೀವೇ ಅಲ್ವಾ?" ಎಂದು ಕೇಳಿದರು.

"ನಾನೇ ಮೇಡಂ. ತಪ್ಪು ಹೇಳಿದೆ. ಬಾಗಿಲು ತೆಗೆದಿಟ್ಕೊಂಡು ನೋಡಿದ್ದೆ, ಮುಚ್ಚಿ ನೋಡ್ಲಿಲ್ಲ." ಉಸಿರು ಸಾಲದೆ ವ್ಯಾನಿನ ಮೈಗೆ ಕೈ ಊರಿದ. "ಇವರು ಮೊದಲ ದಿನದಿಂದ ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರು. ನನ್ನ ಮಾತಿನ ಮೇಲೆ ನೀವು ಇವರನ್ನ ಬಿಡಿಸಿದ್ದರೆ, ನನ್ನ ಮಾತಿನ ಮೇಲೇ ಇಟ್ಕೊಳ್ಳಿ."

ಯಜಮಾನಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಸೋಮವಾರಕ್ಕೆ ಇನ್ನೊಬ್ಬನಿಗೆ ಬರಹೇಳಿ ಆಗಿದೆ, ಅವನಿಗೆ ಈಗ ಏನು ಹೇಳಲಿ ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ಭಾವನ ಕಡೆ ತಿರುಗಿ, ಸೋಮವಾರ ಆ ಅಜ್ಜಿಯನ್ನ ಮೊದಲು ಹತ್ತಿಸಿಕೊಳ್ಳಿ, ಬೇರೆಯವರ ಕೈ ಹಿಡಿದು ಹತ್ತೋದಿಲ್ಲ ಅಂತ ಹಟ ಮಾಡ್ತಿದ್ದಾಳೆ, ಎಂದರು. ಭಾವ ತಲೆಯಾಡಿಸಿದ. ಬಲ್ಬಣ್ಣ ನೆಲದ ಮೇಲೆ ಕೂತು, ಅವರ ಎದುರಿಗೇ ಸವೆದ ವೈರನ್ನು ಕತ್ತರಿಸಿ, ಹೊಸ ತುಂಡು ಬೆಸೆದು, ತಗಡಿನ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ, ರಬ್ಬರನ್ನು ಮೊದಲಿನ ಜಾಗಕ್ಕೆ ತಂದ. ಎಬ್ಬಿಸಲು ಭಾವ ಕಂಕುಳಿಗೆ ಕೈ ಕೊಡಬೇಕಾಯಿತು. ಬೆಲ್ಟೂ ಅವನೇ ಹಾಕಿದ, ರೋಗಿಗಳಿಗೆ ಹಾಕುವ ಹಾಗೆ.

ಮನೆಯ ದಾರಿಯಲ್ಲಿ ಬಲ್ಬಣ್ಣ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಭಾವ, ಸಾಕು ಬಿಡು, ಮುಖ ಬಿಳುಚಿಕೊಂಡಿದೆ, ಸುಮ್ಮನೆ ಒರಗಿಕೋ, ಅಂದ. ಅವನು ಒರಗಿ ನಿದ್ದೆಹೋದ.

ಅದಾದ ಮೇಲೆ ಬಲ್ಬಣ್ಣ ಹೆಚ್ಚು ಗಾಡಿ ಮುಟ್ಟಲಿಲ್ಲ. ಭಾವನಿಗೆ ಮಾತ್ರ ಮಾತು ಮರಳಿ ಬಂತು. ಒಂದು ತಿಂಗಳೊಳಗೆ ಲಾಕಿನ ಕತೆಗೂ ಕೈಕಾಲು ಮೂಡಿತು. ಬಲ್ಬು ಹತ್ತಿದ್ದಷ್ಟೇ ಅಲ್ಲ, ಸಿಡಿಯಿತು. ಬಾಗಿಲುಗಳು ರೆಕ್ಕೆಯ ಹಾಗೆ ಬಡಿದುಕೊಂಡವು. ಯಜಮಾನಮ್ಮ ಸೀಟಿನಿಂದ ಜಿಗಿದು ಓಡಿದರು. ಕೇಳಿದವರು ನಗುತ್ತಾ ಬಲ್ಬಣ್ಣನ ಕಡೆ ತಿರುಗಿ, ಹೌದೇನಯ್ಯಾ, ಅನ್ನುತ್ತಿದ್ದರು. ವೈರಿನ ವಿಷಯದಲ್ಲಿ ಒಂದು ಎಳೆಯಷ್ಟೂ ಹೆಚ್ಚು ಹೇಳದ ಮನುಷ್ಯ, ಹೌದು, ನಾನೇ ನೋಡಿದೆ, ಅನ್ನುತ್ತಿದ್ದ.

ಬಲ್ಬಣ್ಣ ತೀರಿಕೊಂಡ ಕೆಲವು ದಿನಗಳ ಮೇಲೆ ಅಕ್ಕನ ಮನೆಯಲ್ಲಿ ನಾಲ್ಕಾರು ಜನ ಸೇರಿದ್ದರು. ಭಾವನೇ ಆ ಕತೆ ಶುರುಮಾಡಿದ. ಈ ಸಲ ವ್ಯಾನು ಇಳಿಜಾರಿನಲ್ಲಿ ಗಾಳಿಗೆ ಹಾರಿತ್ತು, ಬಲ್ಬಣ್ಣ ಹಾರುತ್ತಿದ್ದ ಗಾಡಿಯಲ್ಲೇ ವೈರು ಬೆಸೆದಿದ್ದ. ಮುಗಿಯುವ ಹೊತ್ತಿಗೆ ಭಾವ, ಹೌದು ಅನ್ನುವವನು ಕೂರುತ್ತಿದ್ದ ಮೂಲೆಯ ಕಡೆ ತಿರುಗಿದ. ಯಾರೂ ನಗಲಿಲ್ಲ.

ಅಕ್ಕ ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದಳು. "ಹೌದು. ಹಾಗೇ ಆಗಿದ್ದು. ನನ್ನ ತಮ್ಮನೂ ಹೇಳಿದ್ದ," ಎಂದು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.